ಹಳೆಯ ಮೋಟಾರು ವಾಹನಗಳ ಮರುನಿರ್ಮಾಣ: ಜಾಲಹಳ್ಳಿ–ಪೀಣ್ಯ ಸೀಮೆಯ ಲೋಹದ ಕೆಲಸ

ಹಳೆಯ ಮೋಟಾರು ವಾಹನವೊಂದನ್ನು ನಟ್ಟು ಬೋಲ್ಟುಗಳವರೆಗೂ ಬಿಚ್ಚಿ, ತುಕ್ಕು ತಿಂದದ್ದನ್ನೂ ಸವೆದದ್ದನ್ನೂ ತೆಗೆದುಹಾಕಿ, ಪೇಟೆಯಲ್ಲಿ ಸಿಗದ ಭಾಗಗಳನ್ನು ತಗಡು, ಎರಕ, ಉಕ್ಕಿನ ಸರಳುಗಳಿಂದ ಹೊಸದಾಗಿ ಮಾಡಿಕೊಂಡು, ಮತ್ತೆ ಓಡುವಂತೆ ಜೋಡಿಸುವ ಕೆಲಸವೇ ಮರುನಿರ್ಮಾಣ. ಗ್ಯಾರೇಜಿನ ಮಾತಿನಲ್ಲಿ ಇದು ‘ರೆಸ್ಟೊರೇಶನ್’. ಇದನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಒಬ್ಬ ಒಂಟಿ ಕುಶಲಿಯ ಚಿತ್ರ ಬಿಡಿಸುತ್ತಾರೆ: ಕೈಯಲ್ಲಿ ಸುತ್ತಿಗೆ, ಮನಸ್ಸಿನಲ್ಲಿ ಹಳೆಯ ಕಾಲದ ಮೇಲಿನ ಪ್ರೀತಿ, ಬೇಕಾದಷ್ಟು ತಾಳ್ಮೆ. ಈ ಚಿತ್ರ ಸುಳ್ಳಲ್ಲವಾದರೂ ಅರ್ಧಂಬರ್ಧವಾದದ್ದು. ಸುತ್ತಿಗೆ ಹಿಡಿದವನ ಹಿಂದೆ ಗೇರ್ ಕತ್ತರಿಸುವವನು, ಉಕ್ಕಿಗೆ ಹದ ಹಾಕುವವನು, ಎರಕ ಹೊಯ್ಯುವವನು, ಗ್ರೈಂಡಿಂಗ್ ಮಾಡುವವನು, ಕ್ರೋಮ್ ಏರಿಸುವವನು ಇರುತ್ತಾರೆ. ಇವರೆಲ್ಲ ಕಾಲು ಗಂಟೆಯ ಸ್ಕೂಟರ್ ಹಾದಿಯೊಳಗೆ ಸಿಗದ ಊರಿನಲ್ಲಿ ಹಳೆಯ ಕಾರು ಶೆಡ್ಡಿನಲ್ಲೇ ಮಣ್ಣಾಗುತ್ತದೆ. ಕೈಯಿಂದ ಮಾಡಿದ ಭಾಗವನ್ನು ಕೈಗಾರಿಕೆಗೆ ವಿರುದ್ಧವಾದ ಗುಡಿ ಕೈಗಾರಿಕೆಯ ವಸ್ತುವೆಂದು ನೋಡುವುದು ತಪ್ಪು. ಅದು ದೊಡ್ಡ ಕೈಗಾರಿಕೆ ತನ್ನ ಸುತ್ತ ಬಿತ್ತಿದ ವಿದ್ಯೆಯ ಫಲ. ಬೆಂಗಳೂರಿನ ವಾಯವ್ಯಕ್ಕೆ ತುಮಕೂರು ರಸ್ತೆಯ ಅಕ್ಕಪಕ್ಕ ಹಬ್ಬಿರುವ ಜಾಲಹಳ್ಳಿ–ಪೀಣ್ಯ ಸೀಮೆ ಈ ಮಾತಿಗೆ ಒಳ್ಳೆಯ ಸಾಕ್ಷಿ. ಅಂಥ ಭಾಗ ಅಸಲಿಯೋ ನಕಲಿಯೋ ಎಂಬ ಹಳೆಯ ಜಗಳಕ್ಕೂ ಈ ಕಡೆಯಿಂದ ನೋಡಿದಾಗಲೇ ಸಮಾಧಾನ ಸಿಗುವುದು.

ಈ ವಿಷಯದ ಅತಿ ಹೆಸರಾದ ರೂಪ ಅಮೆರಿಕದ ಹಾಟ್ ರಾಡ್. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಗುಜರಿಗೆ ಬಿದ್ದಿದ್ದ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ಕಾರುಗಳನ್ನು ಪುಡಿಗಾಸಿಗೆ ಕೊಂಡು, ಮಡ್‌ಗಾರ್ಡು ಕಿತ್ತೆಸೆದು, ತೂಕ ಇಳಿಸಿ, ಎಂಜಿನ್ನಿಗೆ ಬಲ ತುಂಬಿ, ಮ್ಯೂರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ 65 ಅಶ್ವಶಕ್ತಿಯ ವಿ8 ಎಂಜಿನ್ನನ್ನು ಸಾಮಾನ್ಯರ ಕಾರಿಗೂ ಕೂರಿಸಿದ ಮೇಲೆ ಈ ಹುಚ್ಚಿಗೆ ತಕ್ಕ ಎಂಜಿನ್ ಸಿಕ್ಕಿತು. 1937ರಲ್ಲಿ ಅಲ್ಲಿನ ಓಟಗಾರರ ಸಂಘ ಹುಟ್ಟಿತು, 1948ರ ಜನವರಿಯಲ್ಲಿ ‘ಹಾಟ್ ರಾಡ್’ ಪತ್ರಿಕೆ ಹೊರಟಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಈ ಹವ್ಯಾಸ ಲಾಸ್ ಏಂಜಲೀಸಿನ ಸುತ್ತಲೇ ಏಕೆ ಬೆಳೆಯಿತು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಒಣಕೆರೆ, ಬಿಸಿಲು, ಅಗ್ಗದ ಹಳೆ ಕಾರು ಇವು ಉತ್ತರದ ಒಂದು ಪಾಲು. ಇನ್ನೊಂದು ಪಾಲು ಲಾಕ್‌ಹೀಡ್, ಡಗ್ಲಸ್ ಮೊದಲಾದ ವಿಮಾನ ಕಾರ್ಖಾನೆಗಳು. ಅಲ್ಯೂಮಿನಿಯಂ ತಗಡನ್ನು ಬಳುಕಿಸಲು, ಗ್ಯಾಸ್ ವೆಲ್ಡಿಂಗ್ ಮಾಡಲು, ಅಂಗುಲದ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಲೇತ್ ತಿರುಗಿಸಲು ಬಲ್ಲ ಸಾವಿರಾರು ಜನ ಅಲ್ಲಿದ್ದರು. ಯುದ್ಧ ಮುಗಿದಾಗ ವಿಮಾನದ ಬಿಡಿಭಾಗಗಳೂ ಗುಜರಿಗೆ ಬಂದವು. 1946ರಲ್ಲಿ ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಕೆಳಗೆ ನೇತುಹಾಕುವ ಇಂಧನದ ಟ್ಯಾಂಕನ್ನೇ ಬಾಡಿ ಮಾಡಿಕೊಂಡು ಓಟದ ಗಾಡಿ ಕಟ್ಟಿದ. ಹಾಟ್ ರಾಡ್ ಬಂಡಾಯದ ಹುಡುಗರ ಗಾಡಿ ಎಂಬುದು ಅದರ ಮೇಲಿನ ಬಣ್ಣ. ಒಳಗಿನ ಲೋಹವನ್ನು ಕೆರೆದು ನೋಡಿದರೆ ಕಾಣುವುದು ವಿಮಾನ ಕಾರ್ಖಾನೆಯ ಶಿಫ್ಟು.

ಬೆಂಗಳೂರಿನ ಕಥೆಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ವಾಲ್‌ಚಂದ್ ಹೀರಾಚಂದರು ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಮೋಟಾರು ಕಾರಿನ ಕಾರ್ಖಾನೆ ಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಹಟ ಹಿಡಿದಿದ್ದರು. ಕಾರು ಬರಲಿಲ್ಲ, ವಿಮಾನ ಬಂತು. 1951ರಲ್ಲಿ ಇಲ್ಲೇ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ಹಾರುವ ಹೊತ್ತಿಗೆ ತಗಡು ಬಡಿದು ದುಂಡಗೆ ಮಾಡುವ, ರಿವೆಟ್ ಹೊಡೆಯುವ ಒಂದು ಪೀಳಿಗೆ ತಯಾರಾಗಿತ್ತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, ಅಂದರೆ ಎಚ್‌ಎಂಟಿ, ಜಾಲಹಳ್ಳಿಯಲ್ಲಿ ನೆಲೆಯೂರಿತು. ಎರಡು ವರ್ಷದೊಳಗೆ ಲೇತ್‌ಗಳು ಹೊರಬಂದವು. ಈ ನಡುವೆ 1954ರಲ್ಲಿ ಪಕ್ಕದಲ್ಲೇ ಭಾರತ್ ಎಲೆಕ್ಟ್ರಾನಿಕ್ಸ್. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರದ ಕಾರ್ಖಾನೆಯೂ ಸೇರಿಕೊಂಡು, ಮಿಲಿಮೀಟರಿನ ನೂರನೆಯ ಭಾಗವನ್ನು ಅಳೆಯುವುದು ಈ ಸೀಮೆಯಲ್ಲಿ ದಿನನಿತ್ಯದ ಮಾತಾಯಿತು. 1962ರಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ತುಮಕೂರು ರಸ್ತೆಯಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ. 1970ರ ದಶಕದ ಕೊನೆಗೆ ಪೀಣ್ಯ ಕೈಗಾರಿಕಾ ಪ್ರದೇಶ ಎದ್ದಾಗ ಅಲ್ಲಿನ ಶೆಡ್ಡುಗಳಲ್ಲಿ ಲೇತ್ ಹೂಡಿದವರಲ್ಲಿ ಈ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಪಳಗಿದವರು, ಅವುಗಳಿಗೆ ಜಾಬ್ ವರ್ಕ್ ಮಾಡಿಕೊಡಲೆಂದೇ ಬಂದವರು ಬಹಳ. ವಿಮಾನ, ಲೇತ್, ಗಡಿಯಾರ: ಒಂದು ಹಳೆಯ ಕಾರನ್ನು ಮತ್ತೆ ಕಟ್ಟಲು ಬೇಕಾದ ಮೂರು ಬಗೆಯ ಕೈಗಳು ಒಂದೇ ಊರಿನಲ್ಲಿ ಕೂಡಿದ್ದು ಹೀಗೆ.

1953 ಎಂಬ ವರ್ಷಕ್ಕೆ ಇನ್ನೊಂದು ಮುಖವೂ ಇದೆ. ಅದೇ ವರ್ಷ ಸುಂಕ ಆಯೋಗದ ವರದಿಯ ಮೇಲೆ ಭಾರತ ಸರ್ಕಾರ, ದೇಶದಲ್ಲೇ ಭಾಗಗಳನ್ನು ತಯಾರಿಸುವ ಯೋಜನೆಯಿಲ್ಲದೆ ಬರೀ ಜೋಡಿಸಿ ಮಾರುವ ಕಂಪನಿಗಳಿಗೆ ಬಾಗಿಲು ಮುಚ್ಚಿತು. 1926ರಿಂದ ಇಲ್ಲಿದ್ದ ಫೋರ್ಡ್, 1928ರಿಂದ ಮುಂಬಯಿಯಲ್ಲಿ ಷೆವರ್ಲೆ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಎರಡೂ ಗಂಟುಮೂಟೆ ಕಟ್ಟಿದವು. ಕಾರುಗಳು ಮಾತ್ರ ಉಳಿದವು. ಆಮದಿನ ಪರವಾನಗಿ ಸಿಗದ ಮುಂದಿನ ನಾಲ್ಕು ದಶಕ ಆ ಕಾರುಗಳಿಗೆ ಬೇಕಾದ ಬುಷ್, ಕಿಂಗ್ ಪಿನ್, ವಾಟರ್ ಪಂಪಿನ ಶಾಫ್ಟು, ಬಾಗಿಲ ಹಿಡಿ ಎಲ್ಲವೂ ಹುಟ್ಟಿದ್ದು ಲೇತ್ ಅಂಗಡಿಗಳಲ್ಲಿ. ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಯಲ್ಲಿ ಹುಡುಕು, ಸಿಗದಿದ್ದರೆ ಭಾನುವಾರದ ಗುಜರಿ ಸಂತೆಯಲ್ಲಿ ನೋಡು, ಅಲ್ಲೂ ಇಲ್ಲದಿದ್ದರೆ ಮಾಡಿಸು ಎಂಬುದು ಬೆಂಗಳೂರಿನ ಮೆಕ್ಯಾನಿಕ್ಕುಗಳ ಕ್ರಮ. ಪೆಟ್ರೋಲ್ ದುಬಾರಿಯಾದಾಗ ದೊಡ್ಡ ಅಮೆರಿಕನ್ ಕಾರಿನೊಳಗೆ ಡೀಸೆಲ್ ಎಂಜಿನ್ ಕೂರಿಸಿದವರೂ ಇದ್ದರು. ಗೇರ್‌ಬಾಕ್ಸಿಗೂ ಹೊಸ ಎಂಜಿನ್ನಿಗೂ ನಡುವೆ ಬೇಕಾದ ಅಡಾಪ್ಟರ್ ಪ್ಲೇಟನ್ನು ಅಂದಾಜಿನ ಮೇಲೆ ಕೊರೆದು ಜೋಡಿಸಿದ ಆ ಗಾಡಿಗಳೇ ನಮ್ಮ ನೆಲದ ಹಾಟ್ ರಾಡ್‌ಗಳು ಎನ್ನಬಹುದು. ಅಲ್ಲಿಯವರು ವೇಗಕ್ಕೆ ಮಾಡಿದ್ದನ್ನು ಇಲ್ಲಿಯವರು ಮೈಲೇಜಿಗೆ ಮಾಡಿದರು, ಅಷ್ಟೆ. ವೇಗದ ಹಂಬಲವೂ ಇರಲಿಲ್ಲವೆಂದಲ್ಲ: ಮದರಾಸಿನ ಬಳಿಯ ಷೋಲಾವರಂ ರನ್‌ವೇಯಲ್ಲಿ ನಡೆಯುತ್ತಿದ್ದ ಓಟಗಳಿಗೆ ಬೆಂಗಳೂರು, ಕೊಯಮತ್ತೂರುಗಳಿಂದ ಮನೆಯಲ್ಲೇ ಕಟ್ಟಿದ ಗಾಡಿಗಳು ಹೋಗುತ್ತಿದ್ದವು, ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ನಿಟ್ಟು ಒಂಟಿ ಸೀಟಿನ ರೇಸ್ ಕಾರುಗಳನ್ನೇ ತಯಾರಿಸಿದರು.

ಮರುನಿರ್ಮಾಣದ ಕೆಲಸದಲ್ಲಿ ಕಣ್ಣಿಗೆ ಮೊದಲು ಬೀಳುವುದು ತಗಡಿನ ಕೆಲಸ, ಇಲ್ಲಿಯವರ ಬಾಯಲ್ಲಿ ಟಿಂಕರಿಂಗ್. 1930ರ ದಶಕದ ಕಾರಿನ ಮುಂದಿನ ಮಡ್‌ಗಾರ್ಡನ್ನು ತೆಗೆದುಕೊಳ್ಳೋಣ. ಅದರಲ್ಲಿ ಒಂದೇ ಒಂದು ಸಪಾಟು ಜಾಗವಿಲ್ಲ. ಉದ್ದಕ್ಕೂ ಬಾಗಿದೆ, ಅಡ್ಡಕ್ಕೂ ಬಾಗಿದೆ. ಕಾಗದವನ್ನು ಹೀಗೆ ಬಗ್ಗಿಸಲು ಹೋದರೆ ಸುಕ್ಕು ಬೀಳುತ್ತದೆ. ಲೋಹ ಹಾಗಲ್ಲ, ನಡುವೆ ಬಡಿದರೆ ತೆಳುವಾಗಿ ಹಿಗ್ಗುತ್ತದೆ, ಅಂಚಿನಲ್ಲಿ ಸುಕ್ಕು ತರಿಸಿ ಆ ಸುಕ್ಕನ್ನೇ ಬಡಿದು ಅಡಗಿಸಿದರೆ ದಪ್ಪವಾಗಿ ಕುಗ್ಗುತ್ತದೆ. ಇಡೀ ವಿದ್ಯೆ ಇರುವುದು ಈ ಹಿಗ್ಗು ಕುಗ್ಗುಗಳ ಲೆಕ್ಕದಲ್ಲಿ. ಉಳಿದಿರುವ ಎಡಗಡೆಯ ಮಡ್‌ಗಾರ್ಡಿನ ಮೇಲೆ ದಪ್ಪ ಕಾಗದ ಹಾಸಿ ಅಳತೆ ತೆಗೆದು, ಅದನ್ನು ತಿರುಗಿಸಿ ಬಲಗಡೆಗೆ ನಮೂನೆ ಮಾಡಿ, ಮರದ ಪಟ್ಟಿಗಳಿಂದ ಒಂದು ಅಚ್ಚಿನ ಗೂಡು ಕಟ್ಟುತ್ತಾರೆ. 18 ಅಥವಾ 20 ಗೇಜಿನ ತಗಡನ್ನು ಕತ್ತರಿಸಿ, ಗುಳಿ ತೋಡಿದ ಮರದ ಕೊರಡಿನ ಮೇಲೋ ಮರಳು ಚೀಲದ ಮೇಲೋ ಇಟ್ಟು ಮರದ ಕೊಡತಿಯಿಂದ ಬಡಿಯುತ್ತಾರೆ. ಆಮೇಲೆ ಎರಡು ಉಕ್ಕಿನ ಚಕ್ರಗಳ ನಡುವೆ ಹಿಂದೆ ಮುಂದೆ ಎಳೆದು ಬಡಿತದ ಗುಂಡಿಗಳನ್ನು ನಯ ಮಾಡುತ್ತಾರೆ. ಬಡಿದಷ್ಟೂ ತಗಡು ಗಡುಸಾಗುತ್ತದೆ, ಆಗ ಗ್ಯಾಸ್ ಉರಿಯಿಂದ ಕಾಯಿಸಿ ಮೆತ್ತಗೆ ಮಾಡಬೇಕು. ಕೆಲಸ ನೆಟ್ಟಗಿದೆಯೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಮೊದಲು ಅಂಗೈ ಹೇಳುತ್ತದೆ: ನುರಿತ ಟಿಂಕರ್ ಕೈಗೊಂದು ತೆಳು ಬಟ್ಟೆ ಸುತ್ತಿಕೊಂಡು ತಗಡಿನ ಮೇಲೆ ಸವರಿದರೆ, ಬೆಳಕಿಗೆ ಕಾಣದ ತಗ್ಗು ಕೈಗೆ ತಾಗುತ್ತದೆ. ಬೇಗ ಮುಗಿಸುವವರ ದಾರಿ ಬೇರೆ. ತಗ್ಗಿಗೆ ಪುಟ್ಟಿ ಮೆತ್ತಿ ಉಜ್ಜಿಬಿಡುವುದು. ಎರಡು ಮಳೆಗಾಲ ಕಳೆದ ಮೇಲೆ ಅಂಥ ಮಡ್‌ಗಾರ್ಡು ಹಪ್ಪಳದಂತೆ ಉಬ್ಬುತ್ತದೆ.

ತಗಡು ನೋಟಕ್ಕೆ, ಲೇತ್ ಓಟಕ್ಕೆ. ಹಳೆಯ ವಾಹನದಲ್ಲಿ ಒಂದು ಬೋಲ್ಟು ಕಳೆದುಹೋಯಿತೆಂದರೆ ಅಂಗಡಿಯಿಂದ ತಂದು ತಿರುಗಿಸಿದರಾಯಿತು ಎನ್ನುವಂತಿಲ್ಲ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತುಮಾಡಿದ ಬ್ರಿಟಿಷ್ ಥ್ರೆಡ್ಡಿನ ಕೋನ 55 ಡಿಗ್ರಿ; ಅಮೆರಿಕದ್ದೂ ಮೆಟ್ರಿಕ್ಕಿನದೂ 60. ಹಳೆಯ ಆಸ್ಟಿನ್ ಒಂದು ಬಗೆ, ಫೋರ್ಡ್ ಇನ್ನೊಂದು, ಜಾವಾ ಬೈಕು ಮೂರನೆಯದು. ಮಾರಿಸ್ ಕಂಪನಿಯ ಆ ಕಾಲದ ಕೆಲವು ಎಂಜಿನ್ನುಗಳಲ್ಲಿ ಥ್ರೆಡ್ಡು ಮೆಟ್ರಿಕ್, ಅದೇ ಬೋಲ್ಟಿನ ತಲೆಗೆ ಹಿಡಿಯುವ ಸ್ಪ್ಯಾನರ್ ಮಾತ್ರ ವಿಟ್‌ವರ್ತ್. ಆ ಎಂಜಿನ್ನಿನ ವಿನ್ಯಾಸ ಮೂಲದಲ್ಲಿ ಫ್ರೆಂಚ್ ಕಾರ್ಖಾನೆಯದಾಗಿದ್ದರಿಂದ ಬಂದ ಎಡವಟ್ಟು ಇದು. ಅಂಗುಲದ ಲೆಕ್ಕದ ಲೀಡ್ ಸ್ಕ್ರೂ ಇರುವ ಲೇತ್‌ನಲ್ಲಿ ಮಿಲಿಮೀಟರಿನ ಥ್ರೆಡ್ಡನ್ನು, ಅಥವಾ ಇದರ ತಿರುಗುಮುರುಗು ಕೆಲಸವನ್ನು, ಕಿಂಚಿತ್ತೂ ತಪ್ಪದೆ ಮಾಡಲು 127 ಹಲ್ಲುಗಳ ಒಂದು ಗೇರ್ ಬೇಕು. ಒಂದು ಅಂಗುಲಕ್ಕೆ 25.4 ಮಿಲಿಮೀಟರ್, ಅದನ್ನು ಐದರಿಂದ ಗುಣಿಸಿದಾಗ ಬರುವ ಪೂರ್ಣಸಂಖ್ಯೆ 127. ಅಂಗುಲದ ಜಗತ್ತಿಗೂ ಮೆಟ್ರಿಕ್ ಜಗತ್ತಿಗೂ ನಡುವಿನ ಸೇತುವೆಯೆಂದರೆ, ಅಂಗೈಯಗಲಕ್ಕಿಂತ ತುಸು ದೊಡ್ಡದಾದ, ಗ್ರೀಸು ಮೆತ್ತಿದ ಈ ಗೇರ್. ಭಾರತ 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಗೆ ಬದಲಾಯಿತು. ಎಚ್‌ಎಂಟಿಯ ಲೇತ್‌ಗಳು ಅದಕ್ಕೆ ಒಂದು ವರ್ಷ ಮೊದಲೇ ಬಂದಿದ್ದವು. ಹೀಗಾಗಿ ಈ ಸೀಮೆಯ ಹಳೆಯ ಟರ್ನರುಗಳಿಗೆ ಎರಡು ಲೆಕ್ಕವೂ ಬಾಯಿಪಾಠ. ಸೂತು, ಥೌ ಎಂಬ ಅಂಗುಲದ ಪಾಲುಗಳಲ್ಲಿ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಮೈಕ್ರಾನಿನಲ್ಲಿ ಅರ್ಥಮಾಡಿಕೊಳ್ಳುವುದು ಪೀಣ್ಯದಲ್ಲಿ ವಿಶೇಷವೇನಲ್ಲ.

ಎಂಜಿನ್ನಿನ ಒಳಗೆ ಹೋದಂತೆ ಕೆಲಸ ಇನ್ನಷ್ಟು ಜನರ ಕೈ ದಾಟುತ್ತದೆ. ಫೋರ್ಡ್ ಮಾಡೆಲ್ ಎ ಮೊದಲಾದ ಕಾರುಗಳಲ್ಲಿ ಇಂದಿನಂತೆ ತೆಗೆದು ಹಾಕುವ ಬೇರಿಂಗ್ ಚಿಪ್ಪುಗಳಿಲ್ಲ. ತವರಕ್ಕೆ ಆಂಟಿಮನಿ, ತಾಮ್ರ ಬೆರೆಸಿ ಕರಗಿಸಿದ ‘ವೈಟ್ ಮೆಟಲ್’ ಅನ್ನು ಕನೆಕ್ಟಿಂಗ್ ರಾಡಿನ ಬಾಯಿಗೆ ನೇರವಾಗಿ ಹೊಯ್ದಿರುತ್ತಾರೆ. ಹೊಯ್ಯುವ ಮೊದಲು ಉಕ್ಕಿಗೆ ಕಲಾಯಿ ಹಿಡಿಸಬೇಕು, ಪಾತ್ರೆಗೆ ಕಲಾಯಿ ಹಾಕಿದ ಹಾಗೆಯೇ. ಆರಿದ ಮೇಲೆ ಬೋರಿಂಗ್ ಮಾಡಿ, ಕ್ರ್ಯಾಂಕಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ನೀಲಿ ತಾಗಿದ ಉಬ್ಬುಗಳನ್ನು ಕೈ ಸ್ಕ್ರೇಪರ್‌ನಿಂದ ಹೆರೆದು ತೆಗೆಯುತ್ತಾರೆ. ಕೊನೆಗೆ ಉಳಿಯಬೇಕಾದ ಸಂದು ಅಂಗುಲದ ಸಾವಿರದ ಒಂದೋ ಎರಡೋ ಭಾಗ. ಹೊಸ ಪಿಸ್ಟನ್ ಬೇಕಾದರೆ ಬೇರೆ ವಾಹನದ ಹತ್ತಿರದ ಅಳತೆಯ ಪಿಸ್ಟನ್ ತಂದು ತಿದ್ದಬಹುದು, ಇಲ್ಲವೇ ಮರದ ಪ್ಯಾಟರ್ನ್ ಮಾಡಿಸಿ ಅಲ್ಯೂಮಿನಿಯಂ ಎರಕ ಹೊಯ್ಯಿಸಬಹುದು. ಎರಕ ತಣ್ಣಗಾದಾಗ ಕುಗ್ಗುವ ಪ್ರಮಾಣವನ್ನು ಮೊದಲೇ ಲೆಕ್ಕ ಹಿಡಿದು ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡಬೇಕು. ಗೇರ್ ಒಡೆದಿದ್ದರೆ ಹಲ್ಲಿನ ಕೋನ 14.5 ಡಿಗ್ರಿಯೋ 20 ಡಿಗ್ರಿಯೋ ಎಂದು ಮೊದಲು ತಿಳಿಯಬೇಕು, ಮಿಶ್ರಲೋಹದ ಉಕ್ಕಿನಲ್ಲಿ ಕತ್ತರಿಸಬೇಕು, ಹಲ್ಲಿನ ಮೇಲ್ಮೈ ಗಡುಸಾಗಿ ಒಳಗಿನ ತಿರುಳು ಮೆತ್ತಗೆ ಉಳಿಯುವಂತೆ ಹದ ಹಾಕಬೇಕು. ಇಷ್ಟನ್ನೂ ಒಬ್ಬನೇ ಬಲ್ಲವನು ಎಲ್ಲೂ ಇಲ್ಲ. ಬೇರೆ ಬೇರೆಯವರು ಬಲ್ಲದ್ದನ್ನು ಒಂದು ಗೋಣಿಚೀಲದಲ್ಲಿ ಹೊತ್ತು ಶೆಡ್ಡಿನಿಂದ ಶೆಡ್ಡಿಗೆ ಅಲೆಯುವುದೇ ಮರುನಿರ್ಮಾಣ ಮಾಡುವವನ ಮುಖ್ಯ ಕೆಲಸ.

ಕರ್ನಾಟಕದ ಮಟ್ಟಿಗೆ ಈ ವಿದ್ಯೆ ಹೆಚ್ಚು ಜನರನ್ನು ಮುಟ್ಟಿದ್ದು ರಾಜರ ರೋಲ್ಸ್ ರಾಯ್ಸ್‌ನಿಂದಲ್ಲ, ಮೈಸೂರಿನ ಜಾವಾದಿಂದ. 1960ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಐಡಿಯಲ್ ಜಾವಾ ಕಂಪನಿ ಚೆಕ್ ವಿನ್ಯಾಸದ 250 ಸಿ.ಸಿ. ಬೈಕುಗಳನ್ನೂ 1970ರ ದಶಕದಿಂದ ಯೆಜ್ದಿ ಹೆಸರಿನವನ್ನೂ ತಯಾರಿಸಿ 1996ರಲ್ಲಿ ಮುಚ್ಚಿತು. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ.; ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್; ಒಂದೇ ಸನ್ನೆ ಕಿಕ್ಕರೂ ಹೌದು, ಗೇರೂ ಹೌದು. ಕಾರ್ಖಾನೆ ಮುಚ್ಚಿದ ಮೇಲೂ ಗಾಡಿಗಳು ಸಾಯಲಿಲ್ಲ. ಸವೆದ ಸಿಲಿಂಡರನ್ನು ರೀಬೋರ್ ಮಾಡುತ್ತ ಹೋಗಿ ಇನ್ನು ಗೋಡೆ ತಾಳದೆಂದಾಗ ಬೀಡುಕಬ್ಬಿಣದ ಸ್ಲೀವ್ ಹೊಡೆದರು. ಬಿಗಿಯಾಗಿ ಒತ್ತಿ ಜೋಡಿಸಿದ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ ಹಾಕಿ, ಲೇತ್ ಸೆಂಟರುಗಳ ನಡುವೆ ಡಯಲ್ ಗೇಜ್ ಹಿಡಿದು ತಾಮ್ರದ ಸುತ್ತಿಗೆಯಿಂದ ತಟ್ಟಿ ತಟ್ಟಿ ನೇರ ಮಾಡಿದರು. ಟ್ಯಾಂಕಿನ ತಳ ತೂತಾದಾಗ ಹೊಸ ತಗಡು ಬಡಿದು ಕೂರಿಸಿದರು. ಜುಲೈ ಎರಡನೇ ಭಾನುವಾರದ ಜಾವಾ ದಿನದಂದು ಬೆಂಗಳೂರು, ಮೈಸೂರುಗಳಲ್ಲಿ ಸಾಲಾಗಿ ನಿಲ್ಲುವ ಗಾಡಿಗಳನ್ನು ಹತ್ತಿರದಿಂದ ನೋಡಿದರೆ, ಕಾರ್ಖಾನೆಯಿಂದ ಬಂದ ಲೋಹಕ್ಕಿಂತ ಲೇತ್ ಅಂಗಡಿಯಿಂದ ಬಂದ ಲೋಹ ಎಷ್ಟೋ ಗಾಡಿಗಳಲ್ಲಿ ಹೆಚ್ಚಿರಬಹುದು ಎನಿಸುತ್ತದೆ.

ಅಲ್ಲಿಗೇ ದೊಡ್ಡ ಆಕ್ಷೇಪ ಏಳುತ್ತದೆ: ಹಾಗಿದ್ದ ಮೇಲೆ ಅದು ಹಳೆಯ ಗಾಡಿ ಹೇಗಾಯಿತು? ಶುದ್ಧವಾದಿಗಳ ಪ್ರಕಾರ ಹೊಸದಾಗಿ ಮಾಡಿದ ಭಾಗ ಎಷ್ಟೇ ಚೆನ್ನಾಗಿರಲಿ, ಅದು ನಕಲು. ಈ ವಾದಕ್ಕೆ ಬಲವಿದೆ, ಆದರೆ ‘ಅಸಲಿ’ ಎಂಬುದಕ್ಕೆ ಅದು ಕೊಡುವ ಅರ್ಥ ಚರಿತ್ರೆಗೆ ಹೊಂದುವುದಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮೊದಲು ದುಬಾರಿ ಕಾರುಗಳು ಎಷ್ಟೋ ಸಲ ಬರೀ ಚಾಸಿಯಾಗಿ ಹಡಗಿನಲ್ಲಿ ಬರುತ್ತಿದ್ದವು. ಮೇಲಿನ ಬಾಡಿಯನ್ನು ಮದರಾಸಿನ ಸಿಂಪ್ಸನ್ ಕಂಪನಿಯಂಥ ಸಾರೋಟು ಕಟ್ಟುವವರು ಮರದ ಚೌಕಟ್ಟಿನ ಮೇಲೆ ತಗಡು ಬಡಿದು ಕಟ್ಟುತ್ತಿದ್ದರು. ಅಂಥ ಕಾರಿನಲ್ಲಿ ಕೈಯಿಂದ ಬಡಿದ ಮಡ್‌ಗಾರ್ಡೇ ಅಸಲಿ. ಭಾಗಗಳು ಒಂದರ ಜಾಗದಲ್ಲಿ ಒಂದು ಕೂರುವಷ್ಟು ಏಕರೂಪವಾಗಿರಬೇಕೆಂಬುದೇ ಆ ಕಾಲಕ್ಕೆ ಹೊಸ ಸಂಗತಿ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸಿನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ಕಲಸಿ, ಮತ್ತೆ ಮೂರು ಕಾರು ಕಟ್ಟಿ 500 ಮೈಲಿ ಓಡಿಸಿ ತೋರಿಸಿದ್ದಕ್ಕೆ ಪ್ರಶಸ್ತಿಯನ್ನೇ ಕೊಟ್ಟರು. ಫೋರ್ಡಿನ ಕಾಲದಿಂದ ಮಾತ್ರ ‘ಕಾರ್ಖಾನೆಯ ಭಾಗ’ ಎಂಬುದಕ್ಕೆ ಇಂದಿನ ಅರ್ಥ ಬಂತು. ಅಲ್ಲಿ ಶುದ್ಧವಾದಿಗಳ ಮಾತನ್ನು ಒಪ್ಪಬೇಕು: ಡೈಯಲ್ಲಿ ಒತ್ತಿ ಬಂದ ಭಾಗದ ಜಾಗಕ್ಕೆ ಕೈಯಲ್ಲಿ ಬಡಿದದ್ದನ್ನು ಕೂರಿಸಿ, ಡೈಯದೇ ಎಂದು ಹೇಳಿ ಮಾರುವುದು ಮೋಸವೇ. ಮೋಸ ಇರುವುದು ಆ ಹೇಳಿಕೆಯಲ್ಲಿ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿದ ಟುರಿನ್ ಸನ್ನದು ಹೊಸ ಭಾಗಗಳನ್ನು ಗುರುತಿಸುವಂತೆ ಇಡಬೇಕು, ಮಾಡಿದ್ದನ್ನೆಲ್ಲ ದಾಖಲಿಸಬೇಕು ಎನ್ನುವುದು ಇದಕ್ಕೇ. ಟೂಲ್ ರೂಮಿನಲ್ಲಿ ಇದು ಮೊದಲಿನಿಂದಲೂ ಇರುವ ರೂಢಿ. ಅಲ್ಲಿ ಒಂದು ಭಾಗದ ಯೋಗ್ಯತೆಯನ್ನು ನಿರ್ಧರಿಸುವುದು ಅದರ ಡ್ರಾಯಿಂಗ್, ಲೋಹದ ಗ್ರೇಡು, ಅಳತೆಯ ತಾಳೆ, ಮಾಡಿದ ದಿನಾಂಕ. ಊರ ತೇರಿನ ಚಕ್ರ ಬದಲಾಯಿಸಿದಾಗ ತೇರು ಹೊಸದಾಯಿತೆಂದು ಯಾರೂ ಅನ್ನುವುದಿಲ್ಲ. ಚಕ್ರ ಮಾಡಿಸಿಕೊಟ್ಟವರ ಹೆಸರನ್ನು ಮಾತ್ರ ಅಚ್ಚಿನ ಪಕ್ಕದಲ್ಲಿ ಬರೆಸಿರುತ್ತಾರೆ.

ಕಾನೂನು ಈ ಗೆರೆಯನ್ನು ಸ್ವಲ್ಪ ಒರಟಾಗಿ ಎಳೆದಿದೆ. ವಾಹನವನ್ನು ತಯಾರಕರ ಮೂಲ ವಿವರಣೆಗೆ ವ್ಯತ್ಯಾಸ ಬರುವಂತೆ ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನು ಅರ್ಥೈಸಿತು. ಅಲ್ಲಿಗೆ ಅಮೆರಿಕದ ಅರ್ಥದ ಹಾಟ್ ರಾಡ್ ನಮ್ಮ ರಸ್ತೆಗೆ ಬರುವ ದಾರಿ ಬಹುಮಟ್ಟಿಗೆ ಮುಚ್ಚಿತು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ಗುರುತಿಸಿ, ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರ್ ಪ್ಲೇಟ್ ಕೊಡಲು ಅವಕಾಶ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ. ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಕೂಡದು ಎಂಬುದು ಷರತ್ತು. ಇಲ್ಲಿನ ‘ರೂಪ’ ಎಂಬ ಮಾತನ್ನು ಗಮನಿಸಬೇಕು. ಮೂಲದ ಅಳತೆಗೆ, ಮೂಲದ ಆಕಾರಕ್ಕೆ ಬಡಿದ ಹೊಸ ಮಡ್‌ಗಾರ್ಡು ರೂಪವನ್ನು ಕಾಯುತ್ತದೆ. 1965ರ ಕಾರಿಗೆ ಕೂರಿಸಿದ ಹೊಚ್ಚ ಹೊಸ ಜಪಾನೀ ಎಂಜಿನ್ ಅದನ್ನು ಕೆಡಿಸುತ್ತದೆ. ಎರಡನ್ನೂ ‘ಬದಲಾವಣೆ’ ಎಂಬ ಒಂದೇ ಬುಟ್ಟಿಗೆ ಹಾಕುವುದು ನಿಯಮದ ಉದ್ದೇಶವೂ ಇರಲಾರದು. ಇನ್ನು, ಹಲವು ದಶಕಗಳ ಹಿಂದೆಯೇ ಡೀಸೆಲ್ ಎಂಜಿನ್ ಹೊಕ್ಕ ಕಾರನ್ನು ಏನು ಮಾಡಬೇಕು ಎಂಬುದು ಕಠಿಣ ಪ್ರಶ್ನೆ. ಆ ಬದಲಾವಣೆಗೂ ಈಗ ವಯಸ್ಸಾಗಿದೆ. ಅದೂ ಈ ದೇಶದ ಕೊರತೆಯ ಕಾಲದ ಒಂದು ದಾಖಲೆ. ಅಮೆರಿಕದಲ್ಲಿ ಹಳೆಯ ಹಾಟ್ ರಾಡ್‌ಗಳನ್ನು ಫೋರ್ಡ್ ಮಾಡಿದ ರೂಪಕ್ಕೆ ತರದೆ, 1940ರ ದಶಕದ ಹುಡುಗರು ಕತ್ತರಿಸಿ ಬೆಸೆದ ರೂಪಕ್ಕೇ ತಂದು ನಿಲ್ಲಿಸುತ್ತಾರೆ. ನಮ್ಮಲ್ಲಿ ಅಂಥ ಕಾರಿಗೆ ಸಿಗುವ ಮರ್ಯಾದೆ ಕಡಿಮೆ.

ಎರಡನೆಯ ಆಕ್ಷೇಪ ಯಂತ್ರಗಳ ಕಡೆಯಿಂದ ಬರುತ್ತದೆ. ಲೇಸರ್ ಸ್ಕ್ಯಾನರ್ ಹಿಡಿದು ಒಂದು ಗಂಟೆಯಲ್ಲಿ ಆಕಾರ ತೆಗೆದು, ಸಿಎನ್‌ಸಿ ಯಂತ್ರದಲ್ಲಿ ಕಡೆಯಬಹುದಾದಾಗ ಕೊಡತಿ ಬಡಿಯುವುದೇಕೆ? ಪೀಣ್ಯದಲ್ಲಿ ಸ್ಕ್ಯಾನರಿಗೂ ಬರವಿಲ್ಲ, ಸಿಎನ್‌ಸಿಗೂ ಇಲ್ಲ, ಮರುನಿರ್ಮಾಣ ಮಾಡುವವರು ಅವನ್ನು ಬಳಸದೆಯೂ ಇಲ್ಲ. ಗೇರಿಗೆ, ಪಂಪಿನ ಮೈಗೆ, ಪ್ಯಾಟರ್ನಿಗೆ ಅವು ಬಹಳ ಒಳ್ಳೆಯವು. ಆದರೆ ಸ್ಕ್ಯಾನರ್ ಕಂಡದ್ದನ್ನು ಕಂಡಂತೆ ಹೇಳುತ್ತದೆ, 0.4 ಮಿ.ಮೀ. ಸವೆದ ಶಾಫ್ಟನ್ನು ಸವೆದ ಅಳತೆಯಲ್ಲೇ ಕೊಡುತ್ತದೆ, ಅಪಘಾತದಲ್ಲಿ ತಿರುಚಿದ ಬಾನೆಟ್ಟನ್ನು ತಿರುಚಿದಂತೆಯೇ ಕೊಡುತ್ತದೆ. ಸವೆಯುವ ಮೊದಲು ಅದು ಎಷ್ಟಿತ್ತು ಎಂದು ಊಹಿಸಲು ಸವೆತದ ರೀತಿ ಬಲ್ಲವನೊಬ್ಬ ಪಕ್ಕದಲ್ಲಿರಬೇಕು: ಇದು 22 ಮಿ.ಮೀ. ಇರಲಾರದು, ಅಂಗುಲದ ಎಂಟನೇ ಏಳು ಭಾಗ ಇದ್ದದ್ದು ಎಂದು ಹೇಳಬಲ್ಲವನು. ಇನ್ನು ಒಂದೇ ಒಂದು ಮಡ್‌ಗಾರ್ಡಿಗಾಗಿ ಒತ್ತುವ ಡೈ ಮಾಡಿಸುವವರು ಯಾರೂ ಇಲ್ಲ. ಅಮೆರಿಕದಲ್ಲಿ 1932ರ ಫೋರ್ಡಿನ ಪೂರ್ತಿ ಉಕ್ಕಿನ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುವ ಕಂಪನಿಗಳಿವೆ, ಏಕೆಂದರೆ ಕೊಳ್ಳುವವರು ಸಾಕಷ್ಟಿದ್ದಾರೆ. ಲ್ಯಾಂಡ್‌ಮಾಸ್ಟರಿಗೋ ಸ್ಟ್ಯಾಂಡರ್ಡ್ ಹೆರಾಲ್ಡಿಗೋ ಅಂಥ ಮಾರುಕಟ್ಟೆ ಹುಟ್ಟುವುದು ಕಷ್ಟ. ಕೈಕೆಲಸ ಇಲ್ಲಿ ಉಳಿದಿರುವುದು ಲೆಕ್ಕಾಚಾರದಿಂದ, ಭಾವುಕತೆಯಿಂದಲ್ಲ.

ಸುರಕ್ಷತೆಯ ಆಕ್ಷೇಪಕ್ಕೆ ಉತ್ತರ ಚಿಕ್ಕದು: ಅದು ಸರಿಯಾದ ಆಕ್ಷೇಪ. ಸ್ಟಿಯರಿಂಗಿನ ತೋಳು, ಬ್ರೇಕಿನ ಭಾಗ, ಸ್ಟಬ್ ಆಕ್ಸಲ್‌ಗಳನ್ನು ಸಿಕ್ಕ ಸರಳಿನಿಂದ ಕಡೆಯಕೂಡದು, ಮುರಿದದ್ದನ್ನು ಬೆಸೆದು ಬಣ್ಣ ಬಳಿಯಕೂಡದು. ಮೂಲದಲ್ಲಿ ಕಾಯಿಸಿ ಬಡಿದು ಮಾಡಿದ ಫೋರ್ಜಿಂಗ್ ಇದ್ದ ಕಡೆ ಫೋರ್ಜಿಂಗೇ ಬೇಕು, ಮಾಡಿದ ಮೇಲೆ ಬಿರುಕಿದೆಯೇ ಎಂದು ಕಾಂತಪುಡಿ ಹಾಕಿ ನೋಡಬೇಕು. ಈ ಪರೀಕ್ಷೆ ಮಾಡಿಕೊಡುವವರು ಸಿಗುವುದೂ ವಿಮಾನದ ಭಾಗ ತಯಾರಿಸುವ ಇದೇ ಬಗೆಯ ಸೀಮೆಗಳಲ್ಲೇ.

ಇದು ಹಣವಂತರ ಆಟವಲ್ಲವೇ ಎಂದು ಕೇಳುವವರಿಗೆ, ಗಾಡಿಯ ಒಡೆಯರ ಮಟ್ಟಿಗೆ ಹೌದೆನ್ನಬೇಕು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಮುಂತಾದೆಡೆ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳನ್ನು ಸಾಮಾನ್ಯರೂ ಟಿಕೆಟ್ ಕೊಂಡು ನೋಡಬಹುದಾದರೂ, ಅಂಥ ಕಾರೊಂದನ್ನು ಓಡುವ ಸ್ಥಿತಿಗೆ ತರುವ ಖರ್ಚು ಸಂಬಳದವರ ಕೈಗೆಟುಕುವಂಥದ್ದಲ್ಲ. ಆ ಹಣ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಮಾತ್ರ ಚಿತ್ರ ಬದಲಾಗುತ್ತದೆ. ಒಂದು ಸಾವಿರ ಪೀಸಿನ ಆರ್ಡರುಗಳ ನಡುವೆ ಒಂದೇ ಪೀಸಿನ ಇಂಥ ಕೆಲಸ ಬಂದಾಗ, ಬಟನ್ ಒತ್ತುವುದಷ್ಟೇ ಕಲಿತ ಹುಡುಗ ಅಂದು ಹಳೆಯ ಟರ್ನರಿನ ಪಕ್ಕ ನಿಂತು ಟೂಲ್ ಬಿಟ್ಟನ್ನು ಕೈಯಾರೆ ಸಾಣೆ ಹಿಡಿಯುತ್ತಾನೆ. ಎಚ್‌ಎಂಟಿಯ ಗಡಿಯಾರದ ದೊಡ್ಡ ಕಾರ್ಖಾನೆಗಳು ಮುಚ್ಚಿ ವರ್ಷಗಳಾದವು; ಆ ಕಂಪನಿಯ ಹಳೆಯ ಯಂತ್ರಗಳು, ಟ್ರ್ಯಾಕ್ಟರು, ಗಡಿಯಾರಗಳು ಇಂದು ಜಾಲಹಳ್ಳಿಯ ಪಾರಂಪರಿಕ ಕೇಂದ್ರದಲ್ಲಿ ನೋಡುವ ವಸ್ತುಗಳು. ಅದೇ ಕಂಪನಿಯ ಹಳೆಯ ಲೇತ್‌ಗಳು ಪೀಣ್ಯದ ಶೆಡ್ಡುಗಳಲ್ಲಿ ಈಗಲೂ ತಿರುಗುತ್ತಿವೆ. ಅವಕ್ಕೂ ವಯಸ್ಸಾಗಿದೆ. ಲೀಡ್ ಸ್ಕ್ರೂವನ್ನು ಕಚ್ಚಿ ಹಿಡಿಯುವ ಗನ್‌ಮೆಟಲ್ಲಿನ ಹಾಫ್ ನಟ್ ಸವೆದು ಥ್ರೆಡ್ಡು ತಪ್ಪತೊಡಗಿದಾಗ ಅದಕ್ಕೂ ಹೊಸ ಭಾಗ ಅಂಗಡಿಯಲ್ಲಿ ಸಿಗುವುದು ಅನುಮಾನ. ಆಗ ಲೇತ್ ಅಂಗಡಿಯವನು ಸವೆದ ಹಾಫ್ ನಟ್ಟನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು ಪಕ್ಕದ ಶೆಡ್ಡಿಗೆ ಹೋಗಿ, ಅಲ್ಲಿನ ಇನ್ನೊಂದು ಲೇತ್‌ನಲ್ಲಿ ಹೊಸದನ್ನು ಕಡೆಯಿಸಿಕೊಂಡು ಬರುತ್ತಾನೆ.